ಇನ್ನೂರರ ಸರಾಸರಿಯಿಂದ ಮೇಲೆದ್ದ ಮೆಟ್ಸ್

2024ರ ಮೇ ತಿಂಗಳಲ್ಲಿ ಮೈಸೂರಿನಿಂದ ಕ್ವೀನ್ಸ್‌ನ ನಮ್ಮ ಮನೆಗೆ ಬಂದಿದ್ದ ಅಪ್ಪ, ಟೀವಿಯಲ್ಲಿ ನ್ಯೂಯಾರ್ಕ್ ಮೆಟ್ಸ್ ಎಂಬ ಬೇಸ್‌ಬಾಲ್ ತಂಡದ ಆಟ ನೋಡುತ್ತಿದ್ದವರು ಒಂದು ಸಂಜೆ ಇದ್ದಕ್ಕಿದ್ದಂತೆ ಕೇಳಿದರು: “ಈ ಲಿಂಡೋರ್‌ನ ಸರಾಸರಿ ಇನ್ನೂರರ ಹತ್ತಿರ ಇದೆಯಲ್ಲೋ, ಬ್ರಾಡ್ಮನ್‌ಗೂ ನೂರು ಮುಟ್ಟಲಾಗಲಿಲ್ಲ. ಮತ್ತೆ ಜನ ಯಾಕೆ ಇವನನ್ನು ಬೈಯುತ್ತಾರೆ?” ನಗು ತಡೆದುಕೊಂಡು ವಿವರಿಸಬೇಕಾಯಿತು. ಬೇಸ್‌ಬಾಲ್‌ನಲ್ಲಿ ಇನ್ನೂರು ಎಂದರೆ ಸಾವಿರಕ್ಕೆ ಇನ್ನೂರು. ಅಂದರೆ ಬ್ಯಾಟ್ ಹಿಡಿದ ಐದು ಸಲದಲ್ಲಿ ಒಮ್ಮೆ ಮಾತ್ರ ಸರಿಯಾದ ಹೊಡೆತ ಸಿಕ್ಕಿದೆ ಎಂದು ಅರ್ಥ. ಆ ವರ್ಷ ಇಡೀ ಮೇಜರ್ ಲೀಗ್‌ನ, ಅಂದರೆ ಅಲ್ಲಿನ ಅತ್ಯುನ್ನತ ಬೇಸ್‌ಬಾಲ್ ಲೀಗ್‌ನ ಸರಾಸರಿಯೇ 243 ಇತ್ತು. ತಂಡದ ಅತಿ ದುಬಾರಿ ಆಟಗಾರರಲ್ಲಿ ಒಬ್ಬರಾದ ಫ್ರಾನ್ಸಿಸ್ಕೋ ಲಿಂಡೋರ್ ಮೇ ಮಧ್ಯಭಾಗದಲ್ಲಿ ಇನ್ನೂರರ ಗೆರೆಯ ಕೆಳಗಿದ್ದರು.

ತಂಡದ ಸ್ಥಿತಿಯೂ ಅದಕ್ಕಿಂತ ಮೇಲೇನೂ ಇರಲಿಲ್ಲ. ಮೊದಲ ಐದು ಪಂದ್ಯಗಳನ್ನು ಸೋತು ಆರಂಭಿಸಿದ ಮೆಟ್ಸ್, ಏಪ್ರಿಲ್‌ನಲ್ಲಿ ಸ್ವಲ್ಪ ಚೇತರಿಸಿಕೊಂಡು, ಮೇ ತಿಂಗಳಿನಲ್ಲಿ ಒಂಬತ್ತನ್ನು ಗೆದ್ದು ಹತ್ತೊಂಬತ್ತನ್ನು ಸೋತಿತು. ಮೇ 29ರಂದು ತವರು ಮೈದಾನ ಸಿಟಿ ಫೀಲ್ಡ್‌ನಲ್ಲಿ ಲಾಸ್ ಏಂಜಲೀಸ್ ಡಾಜರ್ಸ್ ವಿರುದ್ಧ 10-3ರಿಂದ ಸೋತ ದಿನವಂತೂ ಮೈದಾನದಿಂದ ಹೊರಗೆ ಕಳುಹಿಸಲ್ಪಟ್ಟ ಪಿಚರ್ (ಚೆಂಡೆಸೆಯುವ ಆಟಗಾರ) ಹೋರ್ಹೆ ಲೋಪೆಸ್ ತಮ್ಮ ಕೈಗವಸನ್ನು ಪ್ರೇಕ್ಷಕರತ್ತ ಎಸೆದು ನಡೆದರು. ಆಟದ ನಂತರ ಆಟಗಾರರು ಮಾತ್ರ ಸೇರಿ ಬಾಗಿಲು ಮುಚ್ಚಿ ಸಭೆ ನಡೆಸಿದರು. ಅಂದಿನ ಲೆಕ್ಕ 22 ಗೆಲುವು, 33 ಸೋಲು.

ಇಲ್ಲಿಂದ ಮುಂದಿನ ಕಥೆಯನ್ನು ನ್ಯೂಯಾರ್ಕಿನ ಯಾರನ್ನು ಕೇಳಿದರೂ ಒಂದೇ ಬಗೆಯಲ್ಲಿ ಹೇಳುತ್ತಾರೆ: ಸಭೆ ನಡೆಯಿತು, ಜೂನ್ 12ರಂದು ಮೆಕ್‌ಡೊನಾಲ್ಡ್ಸ್‌ನ ನೇರಳೆ ಬಣ್ಣದ ಗೊಂಬೆ ಗ್ರಿಮೇಸ್ ಬಂದು ಸಾಂಕೇತಿಕ ಮೊದಲ ಚೆಂಡನ್ನು ಎಸೆಯಿತು, ಅಂದಿನಿಂದ ಸತತ ಏಳು ಗೆಲುವು. ಗ್ರಿಮೇಸ್ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ನಾವೂ ಪರೀಕ್ಷೆಯ ದಿನ ಒಂದೇ ಪೆನ್ನು ಹಿಡಿದು ಹೋದವರೇ. ಆದರೆ ಬ್ಯಾಟಿಂಗ್ ಎದ್ದು ನಿಂತದ್ದು ಆ ದಿನ ಅಲ್ಲ, ಸಭೆಯ ದಿನವೂ ಅಲ್ಲ. ಅದರ ಬೇರು ಹುಡುಕಬೇಕಾದರೆ ಮೇ 18ಕ್ಕೆ ಹೋಗಬೇಕು. ಯಾರೂ ಸಂಭ್ರಮಿಸದ ಒಂದು ಶನಿವಾರಕ್ಕೆ.

ಅಂದು ಮಯಾಮಿಯಲ್ಲಿ, ಮ್ಯಾನೇಜರ್ ಆಗಿ ಮೊದಲ ವರ್ಷದಲ್ಲಿದ್ದ ಕಾರ್ಲೋಸ್ ಮೆಂಡೋಸಾ ಅವರು ಲಿಂಡೋರ್ ಅವರನ್ನು ಬ್ಯಾಟಿಂಗ್ ಕ್ರಮಾಂಕದ ತುದಿಗೆ, ಮೊದಲ ಸ್ಥಾನಕ್ಕೆ ತಂದರು. ಋತುವಿನ ಆರಂಭದಲ್ಲಿ ಅಲ್ಲಿದ್ದವರು ಬ್ರ್ಯಾಂಡನ್ ನಿಮ್ಮೊ. ಲಯ ಕಳೆದುಕೊಂಡ ಬ್ಯಾಟರ್‌ನನ್ನು ಕೆಳಕ್ಕೆ ಇಳಿಸಿ ಒತ್ತಡ ಕಡಿಮೆ ಮಾಡುವುದು ಎಲ್ಲರೂ ಮಾಡುವ ಕೆಲಸ. ಮೆಂಡೋಸಾ ಅದರ ತದ್ವಿರುದ್ಧ ಮಾಡಿದರು. ಕ್ರಿಕೆಟ್ ನೋಡಿ ಬೆಳೆದವರಿಗೆ ಇದರ ಮಹತ್ವ ತಟ್ಟನೆ ಹೊಳೆಯಲಿಕ್ಕಿಲ್ಲ, ಏಕೆಂದರೆ ನಮ್ಮಲ್ಲಿ ಆರಂಭಿಕ ಆಟಗಾರ ಒಮ್ಮೆ ಔಟಾದರೆ ಆ ಇನ್ನಿಂಗ್ಸ್‌ಗೆ ಅವನ ಕೆಲಸ ಮುಗಿಯಿತು. ಬೇಸ್‌ಬಾಲ್ ಪಂದ್ಯಕ್ಕೆ ಒಂಬತ್ತು ಪುಟ್ಟ ಇನ್ನಿಂಗ್ಸ್, ಸಮವಾದರೆ ಇನ್ನೂ ಹೆಚ್ಚು; ಪ್ರತಿಯೊಂದರಲ್ಲೂ ಎರಡೂ ತಂಡಗಳಿಗೆ ಬ್ಯಾಟಿಂಗ್ ಸರದಿ. ಅಲ್ಲಿ ಒಂಬತ್ತು ಜನರ ಸಾಲು ಪಂದ್ಯ ಮುಗಿಯುವವರೆಗೆ ಗಾಣದೆತ್ತಿನಂತೆ ಸುತ್ತುತ್ತಲೇ ಇರುತ್ತದೆ. ಸಾಲಿನ ತುದಿಯಲ್ಲಿ ನಿಂತವನಿಗೆ ಅತಿ ಹೆಚ್ಚು ಸರದಿ ಸಿಗುತ್ತದೆ. ಒಂದೊಂದು ಸ್ಥಾನ ಮೇಲೇರಿದಂತೆ 162 ಪಂದ್ಯಗಳ ಋತುವಿನಲ್ಲಿ ಹದಿನೈದಿಪ್ಪತ್ತು ಅವಕಾಶಗಳು ಕೂಡಿಕೊಳ್ಳುತ್ತವೆ. ಅದಕ್ಕಿಂತಲೂ ದೊಡ್ಡ ಸಂಗತಿಯೆಂದರೆ ಕೊನೆಯ ಇನ್ನಿಂಗ್ಸ್‌ನಲ್ಲಿ ತಂಡ ಹಿಂದಿದ್ದಾಗ ಸಾಲು ಸುತ್ತಿ ಬಂದು ಅವನ ಕೈಗೆ ಬ್ಯಾಟ್ ಸಿಗುವ ಸಾಧ್ಯತೆ ಹೆಚ್ಚುತ್ತದೆ. ಈ ಮಾತು ನೆನಪಿರಲಿ, ಸೆಪ್ಟೆಂಬರ್‌ನಲ್ಲಿ ಬೇಕಾಗುತ್ತದೆ.

ಲಿಂಡೋರ್ ಅವರ ಆಟ ಬದಲಾದದ್ದು ಮೇ ಕೊನೆಯ ಹೊತ್ತಿಗೇ ಕಾಣತೊಡಗಿತ್ತು. ಆದರೆ ತಂಡ ಸೋಲುತ್ತಲೇ ಇದ್ದುದರಿಂದ ಯಾರ ಕಣ್ಣಿಗೂ ಅದು ಬೀಳಲಿಲ್ಲ. ಏಪ್ರಿಲ್ 12ರಂದು, ಅವರ ಸರಾಸರಿ ಪಾತಾಳದಲ್ಲಿದ್ದಾಗ, ಸಿಟಿ ಫೀಲ್ಡ್‌ನ ಪ್ರೇಕ್ಷಕರು ಎದ್ದುನಿಂತು ಚಪ್ಪಾಳೆ ತಟ್ಟಿದ್ದರು. ಹಿಂದಿನ ವರ್ಷ ಫಿಲಡೆಲ್ಫಿಯಾದ ಜನ ಟ್ರೇ ಟರ್ನರ್ ಅವರಿಗೆ ಹೀಗೆಯೇ ಮಾಡಿ, ಅವರು ಅಲ್ಲಿಂದ ಚಿಗುರಿದ್ದನ್ನು ನೋಡಿ ಕಲಿತ ಉಪಾಯವದು. ಒಳ್ಳೆಯ ಮನಸ್ಸಿನಿಂದ ಮಾಡಿದ್ದೇ, ಆದರೆ ಲಿಂಡೋರ್ ವಿಷಯದಲ್ಲಿ ಫಲ ಕಾಣಲು ಇನ್ನೂ ಒಂದು ತಿಂಗಳು ಬೇಕಾಯಿತು. ಚಪ್ಪಾಳೆಗಿಂತ ಬಿಸಿಲೇ ಹೆಚ್ಚು ಉಪಕಾರ ಮಾಡಿರಬಹುದು ಎಂದು ನಾನು ಅರೆ ತಮಾಷೆಗೆ ಹೇಳುತ್ತಿರುತ್ತೇನೆ. ಏಪ್ರಿಲ್‌ನ ಚಳಿಯ ದಟ್ಟ ಗಾಳಿಯಲ್ಲಿ ಬೇಲಿಯ ಮುಂದೆಯೇ ಕೈಗೆ ಸಿಕ್ಕಿಬಿಡುವ ಚೆಂಡು, ಜೂನ್‌ನ ಬೆಚ್ಚಗಿನ ಗಾಳಿಯಲ್ಲಿ ಬೇಲಿ ದಾಟುತ್ತದೆ.

ಉಳಿದ ಬದಲಾವಣೆಗಳು ಸದ್ದಿಲ್ಲದೆ ನಡೆದವು. 24ರ ಹರೆಯದ ಮಾರ್ಕ್ ವಿಯೆಂಟೋಸ್ ಏಪ್ರಿಲ್ 28ರಂದು ಹನ್ನೊಂದನೇ ಇನ್ನಿಂಗ್ಸ್‌ನಲ್ಲಿ ಸೇಂಟ್ ಲೂಯಿಸ್ ವಿರುದ್ಧ ಪಂದ್ಯ ಗೆಲ್ಲಿಸಿದ ಹೋಮ್ ರನ್ (ಚೆಂಡು ಬೇಲಿ ದಾಟುವ ಹೊಡೆತ) ಹೊಡೆದರೂ ಅವರನ್ನು ಮತ್ತೆ ಕೆಳಹಂತದ ಮೈನರ್ ಲೀಗ್‌ಗೆ ಕಳುಹಿಸಲಾಗಿತ್ತು. ಮೇ ಮಧ್ಯದಲ್ಲಿ ವಾಪಸ್ ಕರೆಸಿಕೊಂಡು ಮೂರನೇ ಬೇಸ್ ಕಾಯುವ ಕೆಲಸ ಕೊಟ್ಟರು. ಆ ಋತುವಿನಲ್ಲಿ ಒಟ್ಟು 111 ಪಂದ್ಯಗಳಲ್ಲಿ ಅವರು 27 ಹೋಮ್ ರನ್ ಹೊಡೆದರು. ಹಿಂದಿನ ವರ್ಷ ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡದಿದ್ದ 34ರ ಹೋಸೆ ಇಗ್ಲೇಸಿಯಸ್ ಅವರನ್ನು ಮೇ ಕೊನೆಯ ದಿನ ಕರೆಸಿಕೊಂಡರು. 85 ಪಂದ್ಯಗಳಲ್ಲಿ ಅವರ ಸರಾಸರಿ 337. ಜೂನ್ ಕೊನೆಯಲ್ಲಿ ಪಂದ್ಯ ಮುಗಿದ ಮೇಲೆ ಮೈದಾನದಲ್ಲೇ ತಮ್ಮ ಹಾಡನ್ನೂ ಹಾಡಿದರು. ಜನ ಹಾಡನ್ನು ನೆನಪಿಟ್ಟುಕೊಂಡಿದ್ದಾರೆ, 337ನ್ನು ಮರೆತಿದ್ದಾರೆ. ಹೆಬ್ಬೆರಳಿನ ಗಾಯದಿಂದ ಹೊರಗಿದ್ದ ಕ್ಯಾಚರ್ ಫ್ರಾನ್ಸಿಸ್ಕೋ ಅಲ್ವಾರೆಸ್ ಜೂನ್ 11ರಂದು, ಅಂದರೆ ಗ್ರಿಮೇಸ್‌ಗಿಂತ ಒಂದು ದಿನ ಮೊದಲು, ತಂಡಕ್ಕೆ ಮರಳಿದರು.

ಜೂನ್ 13ರ ಗುರುವಾರ ಅಪ್ಪನನ್ನು ಕರೆದುಕೊಂಡು ಸಿಟಿ ಫೀಲ್ಡ್‌ಗೆ ಹೋಗಿದ್ದೆ. ಮೊದಲು ಫ್ಲಶಿಂಗ್‌ನ ಗಣೇಶ ದೇವಸ್ಥಾನದ ನೆಲಮಾಳಿಗೆಯ ಕ್ಯಾಂಟೀನ್‌ನಲ್ಲಿ ದೋಸೆ ತಿಂದು, ಮೇನ್ ಸ್ಟ್ರೀಟ್‌ನಿಂದ 7ನೇ ನಂಬರಿನ ರೈಲು ಹತ್ತಿ ಒಂದೇ ನಿಲ್ದಾಣ ದಾಟಿದರೆ ಸ್ಟೇಡಿಯಂ. ಎಂಟು ಇನ್ನಿಂಗ್ಸ್‌ಗಳವರೆಗೆ ಅಪ್ಪ ಆಕಳಿಸುತ್ತಿದ್ದರು. ಒಂಬತ್ತನೆಯದರಲ್ಲಿ ಒಂದು ರನ್ ಹಿಂದಿದ್ದಾಗ ಜೆ.ಡಿ. ಮಾರ್ಟಿನೆಸ್ ಎರಡು ರನ್‌ಗಳ ಹೋಮ್ ರನ್ ಹೊಡೆದು 3-2ರಿಂದ ಗೆಲ್ಲಿಸಿದರು. ವೃತ್ತಿಜೀವನದಲ್ಲಿ 300ಕ್ಕೂ ಹೆಚ್ಚು ಹೋಮ್ ರನ್ ಹೊಡೆದಿದ್ದ ಅವರಿಗೆ ಪಂದ್ಯವನ್ನು ಅಲ್ಲಿಗೇ ಮುಗಿಸಿದ ಹೋಮ್ ರನ್ ಅದೇ ಮೊದಲನೆಯದು. ಪಕ್ಕದ ಸೀಟಿನ ಅಪರಿಚಿತರೊಬ್ಬರು ಅಪ್ಪನನ್ನು ಅಪ್ಪಿಕೊಂಡರು. ಅಪ್ಪ ಮುಜುಗರದಿಂದ ಅವರ ಬೆನ್ನು ತಟ್ಟುತ್ತ, “ಕೊನೆಯ ಎಸೆತಕ್ಕೆ ಸಿಕ್ಸರ್ ಹೊಡೆದ ಹಾಗಾಯಿತು” ಎಂದು ನನಗೆ ಕನ್ನಡದಲ್ಲಿ ಹೇಳಿದರು.

ಜೂನ್‌ನಲ್ಲಿ ಮೆಟ್ಸ್ 16 ಗೆದ್ದು 8 ಸೋತಿತು. ಆಮೇಲಿನ ಬೇಸಿಗೆಯಲ್ಲಿ ಏಳುಬೀಳುಗಳಿದ್ದವು, ಅವೆಲ್ಲ ಇಲ್ಲಿ ಬೇಡ. ಸೆಪ್ಟೆಂಬರ್‌ನಲ್ಲಿ ಬೆನ್ನುನೋವಿನಿಂದ ಲಿಂಡೋರ್ ಸುಮಾರು ಎರಡು ವಾರ ಹೊರಗುಳಿದು, ಋತುವಿನ ಕೊನೆಯ ದಿನಗಳಿಗೆ ಹಿಂತಿರುಗಿದರು.

ಸೆಪ್ಟೆಂಬರ್ 30, ಅಟ್ಲಾಂಟಾ. ಒಂದೇ ದಿನ ಎರಡು ಪಂದ್ಯ, ಒಂದನ್ನು ಗೆದ್ದರೆ ಪ್ಲೇಆಫ್, ಅಂದರೆ ಪ್ರಶಸ್ತಿಗಾಗಿ ನಡೆಯುವ ಕೊನೆಯ ಸುತ್ತುಗಳಿಗೆ ಪ್ರವೇಶ. ಮೊದಲ ಪಂದ್ಯದಲ್ಲಿ 3-0 ಹಿಂದಿದ್ದ ಮೆಟ್ಸ್ ಎಂಟನೇ ಇನ್ನಿಂಗ್ಸ್‌ನಲ್ಲಿ ಆರು ರನ್ ಗಳಿಸಿತು. ಅದೇ ಇನ್ನಿಂಗ್ಸ್‌ನ ತಮ್ಮ ಸರದಿಯಲ್ಲಿ ಅಟ್ಲಾಂಟಾ ತಂಡ ಬ್ರೇವ್ಸ್ ನಾಲ್ಕು ಗಳಿಸಿ 7-6 ಮಾಡಿತು. ಕಚೇರಿಯಲ್ಲಿ ಫೋನನ್ನು ಮೇಜಿನ ಕೆಳಗಿಟ್ಟುಕೊಂಡು ನೋಡುತ್ತಿದ್ದ ನಾನು ಅದನ್ನು ಆರಿಸಿಯೇಬಿಟ್ಟೆ. ಎರಡು ನಿಮಿಷ ತಡೆಯಲಾಗದೆ ಮತ್ತೆ ಹಚ್ಚಿದಾಗ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಸ್ಟಾರ್ಲಿಂಗ್ ಮಾರ್ಟೆ ಬೇಸ್ ಮೇಲಿದ್ದರು, ಒಬ್ಬರು ಔಟಾಗಿದ್ದರು, ಸಾಲು ಸುತ್ತಿ ತುದಿಗೆ ಬಂದಿತ್ತು. ಮೇ 18ರಿಂದ ಅಲ್ಲಿ ಯಾರಿದ್ದರೋ ಅವರೇ ಬ್ಯಾಟ್ ಹಿಡಿದು ನಿಂತಿದ್ದರು. ಪಿಯರ್ಸ್ ಜಾನ್ಸನ್ ಎಸೆದ ಚೆಂಡನ್ನು ಲಿಂಡೋರ್ ಬಲ ಮಧ್ಯದ ಬೇಲಿಯಾಚೆ ಕಳುಹಿಸಿದರು. 8-7.

ಅಲ್ಲಿಂದ ಮುಂದೆ ಮಿಲ್ವಾಕಿ, ಫಿಲಡೆಲ್ಫಿಯಾ ತಂಡಗಳನ್ನು ದಾಟಿ, ಮೇ ತಿಂಗಳಲ್ಲಿ ಮಣ್ಣು ಮುಕ್ಕಿಸಿದ್ದ ಅದೇ ಡಾಜರ್ಸ್ ಎದುರು ಆರು ಪಂದ್ಯಗಳಲ್ಲಿ ಸೋತು ಮೆಟ್ಸ್‌ನ ಓಟ ನಿಂತಿತು. ಲಿಂಡೋರ್ 33 ಹೋಮ್ ರನ್‌ಗಳೊಂದಿಗೆ, ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನ ಶ್ರೇಷ್ಠ ಆಟಗಾರನ ಮತದಾನದಲ್ಲಿ ಶೊಹೇ ಒಹ್ತಾನಿ ಅವರ ನಂತರ ಎರಡನೆಯವರಾದರು.

ಅಟ್ಲಾಂಟಾದ ಪಂದ್ಯದ ಮರುದಿನ ಮೈಸೂರಿನಿಂದ ಅಪ್ಪನ ಫೋನ್ ಬಂತು. ಹೋಮ್ ರನ್‌ನ ವಿಡಿಯೊ ಅವರಿಗೆ ಆಗಲೇ ಸಿಕ್ಕಿತ್ತು. “ಈಗ ಅವನ ಸರಾಸರಿ ಎಷ್ಟು?” ಎಂದು ಕೇಳಿದರು. ಇನ್ನೂರ ಎಪ್ಪತ್ತಮೂರು ಎಂದೆ. “ಹಾಗಾದರೆ ನಾಲ್ಕು ಸಲದಲ್ಲಿ ಒಂದಕ್ಕಿಂತ ಸ್ವಲ್ಪ ಮೇಲೆ,” ಎಂದು ತಾವೇ ಲೆಕ್ಕ ಹಾಕಿದರು.