ಹಳೆಯ ಹೆವಿವೇಟ್ ಬಾಕ್ಸಿಂಗ್ ಶೈಲಿ ಇಂದಿಗೂ ಸಲ್ಲುವುದೇ?

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ವಿಶ್ವ ಚಾಂಪಿಯನ್‌ಗಳಾದ ಜ್ಯಾಕ್ ಡೆಂಪ್ಸಿ, ಜೋ ಲೂಯಿಸ್, ರಾಕಿ ಮಾರ್ಸಿಯಾನೊ ಅವರಂಥವರು ಇಂದಿನ ಹೆವಿವೇಟ್ ಬಾಕ್ಸರ್‌ಗಳ ಎದುರು ನಿಲ್ಲಬಲ್ಲರೇ ಎಂಬ ಚರ್ಚೆ ಸಾಮಾನ್ಯವಾಗಿ ತೂಕದ ಲೆಕ್ಕದಲ್ಲೇ ಮುಗಿದುಹೋಗುತ್ತದೆ. 1919ರಲ್ಲಿ ವಿಶ್ವ ಚಾಂಪಿಯನ್ ಆದಾಗ ಡೆಂಪ್ಸಿಯವರ ತೂಕ ಸುಮಾರು 85 ಕೆ.ಜಿ.; ಮಾರ್ಸಿಯಾನೊ ಅವರದೂ ಹೆಚ್ಚುಕಡಿಮೆ ಅಷ್ಟೇ. ಹೆವಿವೇಟ್‌ಗಿಂತ ಕೆಳಗಿನ ಕ್ರೂಸರ್‌ವೇಟ್ ವಿಭಾಗದ ಮಿತಿಯೇ ಇಂದು 90.7 ಕೆ.ಜಿ. ಆಗಿರುವಾಗ ಇವರಿಬ್ಬರೂ ಸಹಜವಾಗಿ ಆ ವಿಭಾಗದಲ್ಲೇ ಸೆಣಸುತ್ತಿದ್ದರು. ಇದು ನಿಜ, ಆದರೆ ಪ್ರಶ್ನೆಗೆ ಉತ್ತರವಲ್ಲ. ದೇಹದ ಅಳತೆ ಬೇರೆ, ಕಲಿತ ವಿದ್ಯೆ ಬೇರೆ. ಆ ವಿದ್ಯೆಯನ್ನಷ್ಟೇ ಇಂದಿನ ರಿಂಗ್‌ಗೆ ತಂದು ನೋಡಿದರೆ ಅದರ ದಾರಿಗೆ ಅಡ್ಡ ಬರುವುದು ಎದುರಾಳಿಯ ತೂಕಕ್ಕಿಂತ ಹೆಚ್ಚಾಗಿ ಪಂದ್ಯದ ಅವಧಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ತೂಕದ ಅಂತರವನ್ನು ವಿದ್ಯೆ ಮೀರಬಲ್ಲದು ಎಂಬುದಕ್ಕೆ ಲೂಯಿಸ್ ಅವರ ಪಂದ್ಯಗಳೇ ಸಾಕ್ಷಿ. 1935ರಲ್ಲಿ ಅವರು ತಮಗಿಂತ ಸುಮಾರು 29 ಕೆ.ಜಿ. ಹೆಚ್ಚು ತೂಗುತ್ತಿದ್ದ ಪ್ರಿಮೊ ಕಾರ್ನೆರಾ ಅವರನ್ನು ಆರನೆಯ ಸುತ್ತಿನಲ್ಲಿ ಸೋಲಿಸಿದರು. 1942ರ ಜನವರಿಯಲ್ಲಿ 113 ಕೆ.ಜಿ. ತೂಕದ ಬಡ್ಡಿ ಬೇರ್ ಅವರನ್ನು ಮೊದಲ ಸುತ್ತಿನಲ್ಲೇ ಕೆಡವಿದರು. ಕಾರ್ನೆರಾ ಆಗಲಿ ಬೇರ್ ಆಗಲಿ ಇಂದಿನ ಟೈಸನ್ ಫ್ಯೂರಿಯಷ್ಟು ನಿಪುಣರಲ್ಲ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೂ ಆ ಪಂದ್ಯಗಳ ಚಿತ್ರಗಳಲ್ಲಿ ಗಮನಿಸಬೇಕಾದದ್ದು ಎದುರಾಳಿ ಬಿದ್ದ ರೀತಿಯನ್ನಲ್ಲ, ಲೂಯಿಸ್ ಅವರ ಪಾದಗಳನ್ನು. ತರಬೇತುದಾರ ಜ್ಯಾಕ್ ಬ್ಲ್ಯಾಕ್‌ಬರ್ನ್ ಅವರಲ್ಲಿ ಪಳಗಿದ ಲೂಯಿಸ್ ಎಂದೂ ನೆಗೆಯುವುದಿಲ್ಲ, ಓಡುವುದಿಲ್ಲ. ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಜರುಗುತ್ತಾ ಎದುರಾಳಿಯ ಹಿಂದೆ ಜಾಗವಿಲ್ಲದಂತೆ ಮಾಡಿ, ಜಾಬ್‌ನಿಂದ (ಮುಂದಿನ ಕೈಯ ಚುರುಕಾದ ನೇರ ಹೊಡೆತ) ದಾರಿ ಬಿಡಿಸಿಕೊಂಡು, ಕೆಲವೇ ಅಂಗುಲಗಳಷ್ಟು ಚಲಿಸುವ ಬಲಗೈ ಹೊಡೆತ ಮತ್ತು ಎಡಗೈಯ ಹುಕ್‌ಗಳನ್ನು (ಪಕ್ಕದಿಂದ ಬಾಗಿ ಬರುವ ಹೊಡೆತ) ಒಂದರ ಹಿಂದೊಂದರಂತೆ ಇಳಿಸುತ್ತಾರೆ. ಎತ್ತರದ ಮನುಷ್ಯನ ಉದ್ದದ ತೋಳು ಅಷ್ಟು ಹತ್ತಿರದಲ್ಲಿ ಅವನಿಗೇ ಹೊರೆಯಾಗುತ್ತದೆ. ಹತ್ತಿರ ಬಂದವನನ್ನು ತಬ್ಬಿ ಹಿಡಿದು ರೆಫರಿ ಬಿಡಿಸುವುದನ್ನು ಕಾಯುವುದೇ ಇಂದಿನ ಬಹುತೇಕ ದೊಡ್ಡ ಬಾಕ್ಸರ್‌ಗಳ ರಕ್ಷಣೆಯಾಗಿರುವಾಗ ಲೂಯಿಸ್ ಅವರ ಈ ಸಮೀಪದ ವಿದ್ಯೆ ಮೊದಲಿಗಿಂತಲೂ ಹೆಚ್ಚು ಬೆಲೆಬಾಳುತ್ತದೆ. ಜಾಬ್ ಎಸೆದ ನಂತರ ಎಡಗೈಯನ್ನು ಕೆಳಗಿಳಿಸುತ್ತಿದ್ದುದು ಅವರ ದೋಷವಾಗಿತ್ತು. ಅದನ್ನು ಕಂಡುಹಿಡಿದ ಮ್ಯಾಕ್ಸ್ ಶ್ಮೆಲಿಂಗ್ 1936ರಲ್ಲಿ ಅವರನ್ನು ಸೋಲಿಸಿದರು. ಎರಡು ವರ್ಷಗಳ ನಂತರದ ಮರುಪಂದ್ಯದಲ್ಲಿ ಶ್ಮೆಲಿಂಗ್ ಒಂದು ಸುತ್ತನ್ನೂ ಪೂರೈಸಲಾಗಲಿಲ್ಲ.

ಡೆಂಪ್ಸಿಯವರ ವಿಷಯದಲ್ಲಿ ಎಚ್ಚರಿಕೆ ಬೇಕು. ಸುಮಾರು ಎರಡು ಮೀಟರ್ ಎತ್ತರದ ಜೆಸ್ ವಿಲ್ಲಾರ್ಡ್ ಅವರನ್ನು 1919ರ ಆ ಪಂದ್ಯದಲ್ಲಿ, ಅಮೆರಿಕದ ಟೊಲೆಡೊದಲ್ಲಿ, ಮೊದಲ ಸುತ್ತಿನಲ್ಲೇ ಏಳು ಬಾರಿ ಕೆಡವಿದ್ದು ಅದ್ಭುತವೇ ಸರಿ. ಆದರೆ ಬಿದ್ದವನು ಏಳುವಾಗ ಪಕ್ಕದಲ್ಲೇ ನಿಂತು ಮತ್ತೆ ಹೊಡೆಯಲು ಅಂದು ಅವಕಾಶವಿತ್ತು, ಇಂದು ಕೆಡವಿದವನು ರಿಂಗ್‌ನ ತಟಸ್ಥ ಮೂಲೆಗೆ (ಇಬ್ಬರಿಗೂ ಸೇರದ ಮೂಲೆ) ಹೋಗಲೇಬೇಕು. ಅವರ ಶೈಲಿಯ ತಿರುಳು ಮಾತ್ರ ಉಳಿದುಬಂದಿದೆ. ತಲೆಯನ್ನು ಸದಾ ಅಲುಗಾಡಿಸುತ್ತಾ, ಬಾಗಿ ಒಳನುಗ್ಗುವ ಆ ಪದ್ಧತಿಯನ್ನು ಹಳೆಯ ಚಿತ್ರಗಳಿಂದ ಅಭ್ಯಸಿಸಿದ ಮೈಕ್ ಟೈಸನ್, 1986ರಲ್ಲಿ ಇಪ್ಪತ್ತರ ವಯಸ್ಸಿನಲ್ಲೇ ಚಾಂಪಿಯನ್ ಆದರು. ಈ ಪದ್ಧತಿ ದೇಹದಿಂದ ಕೇಳುವ ಶ್ರಮ ಅಪಾರ, ತಲೆಯ ಚಲನೆ ನಿಂತ ಕ್ಷಣವೇ ಅದು ಕುಸಿಯುತ್ತದೆ. 1990ರಲ್ಲಿ ಟೋಕಿಯೊದಲ್ಲಿ ಬಸ್ಟರ್ ಡಗ್ಲಾಸ್ ಎದುರು ಟೈಸನ್ ಸೋತಾಗ ಕಂಡದ್ದು ಇದನ್ನೇ.

ಇನ್ನು ಅವಧಿಯ ಮಾತು. 1982ರ ನವೆಂಬರ್‌ನಲ್ಲಿ ರೇ ಮಾನ್ಸಿನಿ ಎದುರಿನ ಪಂದ್ಯದ ಹದಿನಾಲ್ಕನೆಯ ಸುತ್ತಿನಲ್ಲಿ ಕುಸಿದ ಕೊರಿಯಾದ ಕಿಮ್ ಡುಕ್ ಕೂ ಮೃತಪಟ್ಟ ಬಳಿಕ ವಿಶ್ವ ಪ್ರಶಸ್ತಿ ಪಂದ್ಯಗಳು ಕ್ರಮೇಣ ಹದಿನೈದು ಸುತ್ತುಗಳಿಂದ ಹನ್ನೆರಡಕ್ಕೆ ಇಳಿದವು. ಮಾನವೀಯತೆಯ ದೃಷ್ಟಿಯಿಂದ ಅದು ಆಗಬೇಕಾಗಿದ್ದ ಬದಲಾವಣೆಯೇ. ಆದರೆ ಎದುರಾಳಿಯನ್ನು ನಿಧಾನವಾಗಿ ಸವೆಸಿ ಕೊನೆಗೆ ಮುಗಿಸುವ ಶೈಲಿಗಳ ಆಧಾರವೇ ಇದರಿಂದ ಕಳಚಿತು. 1941ರಲ್ಲಿ ಬಿಲ್ಲಿ ಕಾನ್ ಎದುರು ಹನ್ನೆರಡು ಸುತ್ತುಗಳು ಮುಗಿದಾಗ ಅಂಕ ನೀಡುತ್ತಿದ್ದ ಮೂವರಲ್ಲಿ ಇಬ್ಬರ ಲೆಕ್ಕದಲ್ಲಿ ಲೂಯಿಸ್ ಹಿಂದಿದ್ದರು. ಹದಿಮೂರನೆಯ ಸುತ್ತಿನಲ್ಲಿ ಅವರು ಗೆದ್ದರು. 1952ರಲ್ಲಿ ಫಿಲಡೆಲ್ಫಿಯಾದಲ್ಲಿ ಮಾರ್ಸಿಯಾನೊ ಮೂವರ ಲೆಕ್ಕದಲ್ಲೂ ಹಿಂದಿದ್ದು, ಹದಿಮೂರನೆಯ ಸುತ್ತಿನಲ್ಲೇ ಜರ್ಸಿ ಜೋ ವಾಲ್ಕಾಟ್ ಅವರನ್ನು ಒಂದೇ ಬಲಗೈ ಹೊಡೆತದಿಂದ ಉರುಳಿಸಿದರು. ಇಂದಿನ ನಿಯಮವಿದ್ದಿದ್ದರೆ ಆ ರಾತ್ರಿ ವಾಲ್ಕಾಟ್ ಚಾಂಪಿಯನ್ ಆಗಿಯೇ ಉಳಿಯುತ್ತಿದ್ದರು. 49 ಪಂದ್ಯಗಳ ಅಜೇಯ ದಾಖಲೆಯೂ ಇರುತ್ತಿರಲಿಲ್ಲ. ಮಾರ್ಸಿಯಾನೊ ಅವರನ್ನು ನಾನು ಬಹಳ ಮೆಚ್ಚುತ್ತೇನಾದರೂ, ಅಷ್ಟು ಕಿರಿದಾದ ತೋಳುಗಳೊಂದಿಗೆ ಅವರ ಶೈಲಿ ಇಂದು ಗೆಲ್ಲಲಾರದು ಎಂದೇ ಹೇಳಬೇಕಾಗುತ್ತದೆ.

ಜ್ಯಾಕ್ ಜಾನ್ಸನ್ ಅವರದು ಇನ್ನೂ ಹಿಂದಿನ ಕಾಲ. ಹವಾನಾದಲ್ಲಿ 1915ರಲ್ಲಿ ಅವರು ವಿಲ್ಲಾರ್ಡ್‌ಗೆ ಸೋತ ಪಂದ್ಯವನ್ನು 45 ಸುತ್ತುಗಳಿಗೆ ನಿಗದಿಪಡಿಸಲಾಗಿತ್ತು, ಅದು ನಡೆದದ್ದೇ 26 ಸುತ್ತು. ಹೊಡೆತವನ್ನು ಅಂಗೈಯಲ್ಲೇ ತಡೆದು, ಎದುರಾಳಿಯ ತೋಳುಗಳನ್ನು ಕಟ್ಟಿಹಾಕಿ, ಸಮಯ ನೋಡಿ ಅಪ್ಪರ್‌ಕಟ್ (ಕೆಳಗಿನಿಂದ ಮೇಲಕ್ಕೆ ಬರುವ ಹೊಡೆತ) ಇಳಿಸುವ ಅವರ ತಾಳ್ಮೆಗೆ ಪ್ರತಿ ಸುತ್ತಿಗೂ ಪ್ರತ್ಯೇಕ ಅಂಕವಿರುವ ಇಂದಿನ ಪದ್ಧತಿಯಲ್ಲಿ ಮನ್ನಣೆ ಸಿಗುವುದು ಕಷ್ಟ. ಆದರೂ ಹಿಡಿತದೊಳಗಿನ ರಕ್ಷಣೆ ಸತ್ತಿಲ್ಲ: ವ್ಲಾಡಿಮಿರ್ ಕ್ಲಿಚ್ಕೊ ಜಾಬ್ ಮತ್ತು ಕ್ಲಿಂಚ್‌ಗಳನ್ನೇ (ಎದುರಾಳಿಯನ್ನು ತಬ್ಬಿ ಹಿಡಿಯುವುದು) ನೆಚ್ಚಿ ವರ್ಷಗಟ್ಟಲೆ ಪಟ್ಟ ಉಳಿಸಿಕೊಂಡರು. ಹಿಂದಿನ ಪೀಳಿಗೆಯ ಆರ್ಚಿ ಮೂರ್ ಅವರ ಅಡ್ಡತೋಳಿನ ರಕ್ಷಣೆಯನ್ನು ಅಳವಡಿಸಿಕೊಂಡ ಜಾರ್ಜ್ ಫೋರ್ಮನ್ 1994ರಲ್ಲಿ, ತಮ್ಮ 45ನೆಯ ವಯಸ್ಸಿನಲ್ಲಿ, ಮೈಕಲ್ ಮೂರರ್ ಅವರನ್ನು ನಾಕೌಟ್ ಮಾಡಿ ಮತ್ತೆ ಚಾಂಪಿಯನ್ ಆದರು.

2024ರ ಮೇ ತಿಂಗಳಲ್ಲಿ ರಿಯಾದ್‌ನಲ್ಲಿ ಸುಮಾರು 101 ಕೆ.ಜಿ.ಯ ಒಲೆಕ್ಸಾಂಡರ್ ಉಸಿಕ್ ಸುಮಾರು 119 ಕೆ.ಜಿ.ಯ ಫ್ಯೂರಿಯವರನ್ನು ಸೋಲಿಸಿದಾಗ, ಹಳೆಯ ಕಾಲದ ಚಿಕ್ಕ ಹೆವಿವೇಟ್‌ಗಳ ಪರವಾಗಿ ವಾದಿಸುವವರಿಗೆಲ್ಲ ಬಲ ಬಂದಂತಾಯಿತು. ನಾನು ಆ ಗೆಲುವನ್ನು ಅಷ್ಟು ಸುಲಭವಾಗಿ ಹಳಬರ ಖಾತೆಗೆ ಬರೆಯಲಾರೆ. ಉಸಿಕ್ 191 ಸೆಂ.ಮೀ. ಎತ್ತರದ ಎಡಗೈ ಬಾಕ್ಸರ್, ಹನ್ನೆರಡು ಸುತ್ತೂ ಕಾಲು ನಿಲ್ಲಿಸದವರು. ಆ ಚುರುಕು ಲೂಯಿಸ್ ಅವರನ್ನು ಕಾಡಿದ ಕಾನ್ ಅವರಿಗೆ ಹತ್ತಿರ, ಲೂಯಿಸ್ ಅವರಿಗಲ್ಲ. ಆದ್ದರಿಂದ ನನ್ನ ಲೆಕ್ಕ ಹೀಗಿದೆ: ಇಂದಿನ ಆಹಾರ, ವ್ಯಾಯಾಮಗಳಿಂದ ನೂರು ಕೆ.ಜಿ.ಗೆ ಬೆಳೆದ ಲೂಯಿಸ್, ಆಂಥೊನಿ ಜೋಶುವಾ ಅವರಂಥ ನೇರವಾಗಿ ನಿಂತು ಹೊಡೆಯುವ ಬಾಕ್ಸರ್‌ಗಳನ್ನು ಎಂಟು ಸುತ್ತುಗಳೊಳಗೆ ಮುಗಿಸುತ್ತಾರೆ. ಫ್ಯೂರಿ ಎದುರು ಪಂದ್ಯ ಯಾವ ಕಡೆಗಾದರೂ ವಾಲಬಹುದು. ಉಸಿಕ್ ಎದುರು ಹನ್ನೆರಡು ಸುತ್ತುಗಳಲ್ಲಿ ಅಂಕಗಳ ಮೇಲೆ ಸೋಲುತ್ತಾರೆ.