ಅಮ್ಮನ ಕಣ್ಣು ಸುಧಾರಿಸಿದ್ದಲ್ಲ

ಕರಡು ತಿದ್ದುವುದು ನನ್ನ ಕೆಲಸ. ದ-ಧಗಳ ನಡುವಿನ ಸೀಳು, ಥ-ಧಗಳ ನಡುವಿನ ಚುಕ್ಕೆ, ಇಂಥವನ್ನೇ ದಿನವಿಡೀ ಹುಡುಕುವ ಬದುಕು. ನಲವತ್ತೈದು ತುಂಬಿದ ವರ್ಷ ಒಂದು ಪುಸ್ತಕದ ತುಂಬ 'ಕಥೆ' ಹೋಗಿ 'ಕಧೆ' ಅಚ್ಚಾಯಿತು. ತಪ್ಪು ನನ್ನದೇ. ಗಾಬರಿಯಿಂದ ಕಣ್ಣಿನ ಡಾಕ್ಟರ ಬಳಿ ಓಡಿದರೆ ಅವರು, "ಚಾಳೀಸು ಬಂದಿದೆ, ಅಷ್ಟೆ" ಎಂದರು.

ಆ ಪದದಲ್ಲೇ ನಲವತ್ತು ಕೂತಿದೆ. ಕಣ್ಣೊಳಗಿನ ಮಸೂರ ಎಳೆತನದಲ್ಲಿ ಮೆತ್ತಗಿದ್ದು, ಹತ್ತಿರದ್ದನ್ನು ನೋಡುವಾಗ ಉಬ್ಬಿಕೊಳ್ಳುತ್ತದೆ. ವಯಸ್ಸಾದಂತೆ ಗಡುಸಾಗಿ, ಉಬ್ಬಲು ಒಲ್ಲೆ ಎನ್ನುತ್ತದೆ. ನನಗೆ ಒಂದು ಅನುಕೂಲವಿತ್ತು: ಶಾಲೆಯ ದಿನಗಳಿಂದ ಜೊತೆಗಿರುವ ಮೈನಸ್ ಎರಡೂವರೆ. ಅಂದರೆ ಬರಿಗಣ್ಣಿಗೆ ಸುಮಾರು 40 ಸೆಂಟಿಮೀಟರ್ ದೂರದ ತನಕ ಎಲ್ಲವೂ ಸ್ಪಷ್ಟ, ಆಚೆಗೆ ಮಸುಕು. ಹಾಗಾಗಿ ಕನ್ನಡಕ ಕಳಚಿಟ್ಟರೆ ಕರಡು ಚೆನ್ನಾಗಿ ಕಾಣುತ್ತದೆ. ಇಷ್ಟು ವರ್ಷ ಬೈದುಕೊಂಡ ದೋಷ ಈಗ ಹೊಟ್ಟೆಪಾಡಿಗೆ ಆಗುತ್ತಿದೆ.

ಸಣ್ಣಕ್ಷರ ಓದಲು ಬಂದರೆ ಕಣ್ಣು ಗಟ್ಟಿ ಎಂದು ನಾನೂ ನಂಬಿದ್ದೆ. ಆ ನಂಬಿಕೆ ಕಳೆದದ್ದು ದೊಡ್ಡಪ್ಪನಿಂದ. ಔಷಧದ ಚೀಟಿಯ ಇರುವೆಯಂಥ ಅಕ್ಷರಗಳನ್ನೂ ಓದುವವರು, ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಳ್ಳುತ್ತಿದ್ದರು, ಮೆಟ್ಟಿಲು ತಪ್ಪುತ್ತಿದ್ದರು. "ನಡೆಯೋವಾಗ ಇವರ ಗ್ಯಾನ ಎಲ್ಲಿರುತ್ತೋ!" ಎಂದು ದೊಡ್ಡಮ್ಮ ಗೊಣಗುತ್ತಿದ್ದರು. ತಪಾಸಣೆಗೆ ಹೋದಾಗ ಗೋಡೆಯ ಪಟ್ಟಿಯ ಕೊನೆಯ ಸಾಲನ್ನೂ ಓದಿಬಿಟ್ಟರು. ಆದರೆ ಕಣ್ಣಿನ ಹಿಂಭಾಗದ ನರ ನೋಡಿದ ಡಾಕ್ಟರು ಅವರನ್ನು ಇನ್ನೊಂದು ಯಂತ್ರದ ಮುಂದೆ ಕೂರಿಸಿದರು. ಬೋಗುಣಿಯಂಥ ಪರದೆ. ಒಂದು ಕಣ್ಣು ಮುಚ್ಚಿ ನಡುವಿನ ಚುಕ್ಕೆಯನ್ನೇ ದಿಟ್ಟಿಸುತ್ತಿರಬೇಕು, ಅತ್ತಿತ್ತ ಬೆಳಕು ಮಿನುಗಿದಾಗ ಗುಂಡಿ ಒತ್ತಬೇಕು. ಹೊರಬಂದ ದೊಡ್ಡಪ್ಪ ನನ್ನ ಕಿವಿಯಲ್ಲಿ, "ಯಂತ್ರ ಕೆಟ್ಟಿದೆ ಕಣೇ, ಎಷ್ಟೋ ಹೊತ್ತು ದೀಪಾನೇ ಬರಲಿಲ್ಲ" ಎಂದರು.

ದೀಪಗಳು ಬಂದಿದ್ದವು. ಅದು ಗ್ಲಾಕೋಮಾ. ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರ ಸವೆಯುತ್ತದೆ, ಒತ್ತಡ ಸರಿಯಾಗಿದ್ದವರಲ್ಲೂ ಬರುವುದುಂಟು. ಬದಿಯ ನೋಟ ಮೊದಲು ಹೋಗುತ್ತದೆ, ನಡುವಿನದು ಕೊನೆಯವರೆಗೆ ಉಳಿದಿರಬಹುದು. ಹೋದ ಜಾಗ ಕಪ್ಪಾಗಿ ಕಂಡಿದ್ದರೆ ಯಾರಾದರೂ ಗಮನಿಸುತ್ತಿದ್ದರು. ಆದರೆ ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಮುಚ್ಚುತ್ತದೆ, ಉಳಿದ ತೂತಿಗೆ ಮೆದುಳು ಅಕ್ಕಪಕ್ಕದ್ದನ್ನೇ ಎಳೆದು ತೇಪೆ ಹಾಕುತ್ತದೆ. ನೋವಿಲ್ಲ, ಮಸುಕಿಲ್ಲ. ಈಗ ದಿನವೂ ಒತ್ತಡ ಇಳಿಸುವ ಹನಿ ಹಾಕಿಕೊಳ್ಳುತ್ತಾರೆ. ಅದು ಉಳಿದದ್ದನ್ನು ಕಾಯಲಿಕ್ಕೆ ಮಾತ್ರ, ಹೋದದ್ದು ಬರುವುದಿಲ್ಲ.

ಇದರ ತಿರುವುಮುರುವು ಎಂಬಂತೆ ಅಕ್ಷಿಪಟಲದ, ಅಂದರೆ ಕಣ್ಣಿನ ಹಿಂಬದಿಯಲ್ಲಿ ಬಿಂಬ ಮೂಡುವ ಪದರದ, ನಡುಭಾಗವೇ ಸವೆಯುವ ಕಾಯಿಲೆಯೂ ಇದೆ. ಅದು ಬಂದವರು ಕೋಣೆಯಲ್ಲಿ ಸಲೀಸಾಗಿ ಓಡಾಡಬಲ್ಲರು, ಎದುರಿಗೆ ನಿಂತವರ ಮುಖ ಮಾತ್ರ ಗುರುತು ಹತ್ತದು, ನೆಟ್ಟಗಿನ ಗೆರೆ ಡೊಂಕಾಗಿ ಕಾಣುತ್ತದೆ. ನಾನು ಆಗಾಗ ಒಂದೊಂದೇ ಕಣ್ಣು ಮುಚ್ಚಿಕೊಂಡು ಚೌಕಳಿ ಹಾಳೆ ನೋಡುತ್ತೇನೆ. ಮನೆಯವರು ನಗುತ್ತಾರೆ, ನಗಲಿ. ಇನ್ನು, ಕಣ್ಣೆದುರು ತೇಲುವ ಒಂದೆರಡು ಹಳೇ ಚುಕ್ಕೆಗಳಿಗೆ ಹೆದರಬೇಕಿಲ್ಲ. ಆದರೆ ಇದ್ದಕ್ಕಿದ್ದಂತೆ ಚುಕ್ಕೆಗಳ ಸುರಿಮಳೆಯಾದರೆ, ಮಿಂಚು ಹೊಡೆದರೆ, ಪರದೆ ಇಳಿದಂತಾದರೆ ಅವತ್ತೇ ಡಾಕ್ಟರ ಬಳಿ ಹೋಗಬೇಕು. ಅಕ್ಷಿಪಟಲ ಕಳಚಿಕೊಳ್ಳುತ್ತಿರಬಹುದು.

ಅಮ್ಮನ ಕಥೆ (ಈ ಸಲ ಚುಕ್ಕೆ ನೋಡಿಯೇ ಬರೆದಿದ್ದೇನೆ) ಬೇರೆ ಥರ. ಎಪ್ಪತ್ತನಾಲ್ಕರಲ್ಲಿ ಅವರು ಚಾಳೀಸು ಪಕ್ಕಕ್ಕಿಟ್ಟು ಬರಿಗಣ್ಣಲ್ಲಿ ಪೇಪರ್ ಓದತೊಡಗಿದರು. ನಾವೆಲ್ಲ ಹೊಗಳಿದ್ದೇ ಹೊಗಳಿದ್ದು. ಅಸಲಿಗೆ ಪೊರೆ ಬೆಳೆಯುತ್ತಿತ್ತು. ಕೆಲವರಲ್ಲಿ ಮಸೂರದ ತಿರುಳು ಗಟ್ಟಿಯಾಗಿ ಬೆಳಕನ್ನು ಹೆಚ್ಚು ಬಾಗಿಸುತ್ತದೆ, ಆಗ ಹತ್ತಿರದ್ದು ಸ್ವಲ್ಪ ಕಾಲ ಚೆನ್ನಾಗಿ ಕಾಣುತ್ತದೆ. ದೂರದ್ದು ಮಂಕಾಗುತ್ತದೆ. ರಾತ್ರಿ ದೀಪಗಳ ಸುತ್ತ ಬಳೆ ಕಾಣುತ್ತದೆ ಎಂದು ಅಮ್ಮ ಹೇಳುತ್ತಿದ್ದುದನ್ನು ನಾವು ಕಿವಿಗೇ ಹಾಕಿಕೊಂಡಿರಲಿಲ್ಲ.

ಪೊರೆಗಟ್ಟಿದ ಮಸೂರ ತೆಗೆದು ಪ್ಲಾಸ್ಟಿಕ್ಕಿನದನ್ನು ಕೂರಿಸುವ ಶಸ್ತ್ರಚಿಕಿತ್ಸೆ ಆಗಬೇಕಿತ್ತು. "ಪ್ಲಾಸ್ಟಿಕ್ ಮಸೂರ ಒಳಗೇ ಕೊಳೆಯಲ್ವಾ?" ಎಂಬುದು ಅಮ್ಮನ ದೊಡ್ಡ ಚಿಂತೆ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಗಾಜಿನಂಥ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಕಣ್ಣು ಅಷ್ಟಾಗಿ ರೇಗದೆ ಸುಮ್ಮನಿದ್ದುದನ್ನು ಲಂಡನ್ನಿನ ಡಾಕ್ಟರ್ ಹೆರಾಲ್ಡ್ ರಿಡ್ಲಿ ಗಮನಿಸಿದ್ದರು. 1949ರಲ್ಲಿ ಅದೇ ಬಗೆಯ ಪ್ಲಾಸ್ಟಿಕ್ಕಿನ ಮಸೂರವನ್ನು ಮೊದಲ ಸಲ ಕಣ್ಣೊಳಗೆ ಕೂರಿಸಿದರು. ಇದನ್ನು ಹೇಳಿದ ಮೇಲೆ ಅಮ್ಮ ಒಪ್ಪಿದರು. ಪೈಲಟ್‌ಗಳ ಮೇಲೆ ಅವರಿಗೆ ಗೌರವ.

ಒಂದು ಕಣ್ಣು ಆಯಿತು. ಪಟ್ಟಿ ಬಿಚ್ಚಿದ ಮಾರನೆಯ ದಿನ ಕಣ್ಣುಗಳನ್ನು ಸರದಿಯಲ್ಲಿ ಮುಚ್ಚಿ ತೆರೆದು ಗೋಡೆ ನೋಡುತ್ತ ಕೂತಿದ್ದರು. ಹೊಸ ಕಣ್ಣಿಗೆ ಬಿಳಿ, ಹಳೇ ಕಣ್ಣಿಗೆ ಅದೇ ಗೋಡೆ ಅರಿಶಿನದ ನೀರು ಬಳಿದ ಹಾಗೆ. "ಸುಣ್ಣ ಹೊಡೆಸು ಅಂತ ನಿನ್ನನ್ನ ಎರಡು ವರ್ಷದಿಂದ ಸುಮ್ಮನೆ ಬೈದೆನಲ್ಲೇ" ಎಂದರು.

ಹೊಸ ಮಸೂರವನ್ನು ದೂರದ ನೋಟಕ್ಕೆ ಹೊಂದಿಸಿದ್ದಾರೆ. ಎರಡನೇ ಕಣ್ಣಿಗೂ ಮಾಡಿಸಿದರೆ ಓದಲು ಮತ್ತೆ ಚಾಳೀಸು ಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ ದಿನದಿಂದ ಅಮ್ಮ ತಾರೀಖು ಮುಂದೂಡುತ್ತಲೇ ಇದ್ದಾರೆ. "ದೂರಕ್ಕೆ ಹೊಸದು, ಪೇಪರಿಗೆ ಹಳೇದು. ಇರಲಿ ಬಿಡು, ಜಗಳವಿಲ್ಲದೆ ನಡೀತಿದೆ."