ಲಡ್ಲೋಗೆ ಹೋಗುವವರು ವಾರ ನೋಡಿ ಹೊರಡಿ

ಮಕ್ಕಳು ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್ ಕಡೆ ಓದಲಿಕ್ಕೆ, ನೌಕರಿಗೆ ಅಂತ ಹೋದ ಮೇಲೆ ಕಲಬುರಗಿ, ಬೀದರ್ ಕಡೆಯ ಅಪ್ಪ-ಅಮ್ಮಂದಿರು ಹೈದರಾಬಾದಿನಿಂದ ವಿಮಾನ ಹತ್ತಿ ಇಂಗ್ಲೆಂಡಿಗೆ ಹೋಗಿಬರುವುದು ಈಗ ಅಪರೂಪವೇನಲ್ಲ. ಹೋದವರು ಲಂಡನ್ನಿನ ಸೇತುವೆ, ಅರಮನೆ ನೋಡಿ ಫೋಟೋ ತೆಗೆಸಿಕೊಳ್ಳುತ್ತಾರೆ. ಉಳಿದ ದಿನಗಳೆಲ್ಲ ಮಗನ ಮನೆಯ ಕಿಟಕಿಯಲ್ಲಿ ಮಳೆ ನೋಡುತ್ತ ಕಳೆಯುತ್ತವೆ. ಅಂಥವರು ಒಂದು ದಿನ ತೆಗೆದಿಟ್ಟು ಹೋಗಬೇಕಾದ ಊರು ಲಡ್ಲೋ. ವೇಲ್ಸ್ ಗಡಿಗೆ ಹತ್ತಿರ, ಶ್ರಾಪ್‌ಶೈರ್ ಜಿಲ್ಲೆಯಲ್ಲಿ, ಟೀಮ್ ನದಿಯ ದಂಡೆಯ ಗುಡ್ಡದ ಮೇಲಿದೆ. ಕೋಟೆ, ಚರ್ಚು, ಸಂತಿ, ಹೊಳೆ ಎಲ್ಲವೂ ನಡೆದೇ ಮುಗಿಸುವಷ್ಟು ಹತ್ತಿರ.

ಇಂಥ ಊರಲ್ಲಿ ರೊಕ್ಕ ಕಡಿಮೆ ಬಿದ್ದು ಪ್ರವಾಸ ಕೆಡುವುದಿಲ್ಲ, ಹೊತ್ತು ತಪ್ಪಿ ಕೆಡುತ್ತದೆ. ಸಂತಿಗೆ ವಾರ, ಊಟಕ್ಕೆ ತಾಸು, ಬಸ್ಸಿಗೆ ವೇಳೆ, ಗುಡ್ಡಕ್ಕೆ ಬೆಳಕು. ಈ ನಾಲ್ಕನ್ನು ಮೊದಲೇ ಕೂಡಿಸಿಟ್ಟುಕೊಂಡರೆ ಉಳಿದದ್ದು ತಾನೇ ಆಗುತ್ತದೆ.

ಲಡ್ಲೋ ಸಂತಿ ಸೋಮವಾರ, ಬುಧವಾರ, ಶುಕ್ರವಾರ, ಶನಿವಾರ ಕೂಡುತ್ತದೆ. ಜಾಗ ಕೋಟೆಯ ಮುಂದಿನ ಚೌಕ, ಕ್ಯಾಸಲ್ ಸ್ಕ್ವೇರ್. ಗುರುವಾರ, ಭಾನುವಾರಗಳಲ್ಲಿ ಆಗಾಗ ಸುತ್ತಲಿನ ರೈತರ ಸಂತಿ, ಹಳೆ ಸಾಮಾನಿನ ಸಂತಿ ಇರುತ್ತವೆ, ಆದರೆ ಪ್ರತಿ ವಾರವೂ ಇರುವುದಿಲ್ಲ. ಮಂಗಳವಾರ ಹೋದವರಿಗೆ ಸಿಗುವುದು ಖಾಲಿ ಚೌಕ. ಬೆಳಿಗ್ಗೆ 10ರೊಳಗೆ ಮುಟ್ಟಿದರೆ ಒಳ್ಳೆಯದು. ಮಧ್ಯಾಹ್ನ 3 ದಾಟಿತೆಂದರೆ ಒಬ್ಬೊಬ್ಬರೇ ಅಂಗಡಿ ಕಟ್ಟಲು ಶುರು ಮಾಡುತ್ತಾರೆ, ಮಳೆಯ ದಿನ ಇನ್ನೂ ಮೊದಲು. ಸಂಜೆ ತಂಪು ಹೊತ್ತಿನಲ್ಲಿ ಸಂತಿಗೆ ಹೋಗುವ ನಮ್ಮ ರೂಢಿ ಅಲ್ಲಿ ನಡೆಯುವುದಿಲ್ಲ.

ಚೌಕಾಸಿ ಬೇಡ. ಹಣ್ಣು, ತರಕಾರಿ, ರೊಟ್ಟಿಗೆ ಬರೆದಿಟ್ಟ ದರವೇ ದರ. ಹಳೆ ಸಾಮಾನಿನವರ ಹತ್ತಿರ ಮಾತ್ರ ‘ಇನ್ನೊಂದಿಷ್ಟು ಕಡಿಮೆ ಆಗುತ್ತದೆಯೇ’ ಎಂದು ಒಮ್ಮೆ ಕೇಳಿದರೆ ತಪ್ಪಿಲ್ಲ, ಎರಡನೇ ಸಲ ಕೇಳಿದರೆ ಮುಖ ಗಂಟು ಹಾಕುತ್ತಾರೆ. ಟೊಮೆಟೊ ಒತ್ತಿ ನೋಡುವುದು, ಬೆಂಡೆಕಾಯಿ ತುದಿ ಮುರಿದು ನೋಡುವ ಹಾಗೆ ಬೀನ್ಸ್ ಮುರಿಯುವುದು ಅಲ್ಲಿಯವರಿಗೆ ಸೇರುವುದಿಲ್ಲ. ಬೆರಳು ಮಾಡಿ ತೋರಿಸಿ, ಅವರೇ ತೂಗಿ ಕೊಡುತ್ತಾರೆ. ಕಾರ್ಡ್ ಬಹುತೇಕ ಎಲ್ಲೆಡೆ ನಡೆಯುತ್ತದೆ. ಆದರೂ ಹತ್ತಿಪ್ಪತ್ತು ಪೌಂಡ್ ಚಿಲ್ಲರೆ ಜೇಬಿನಲ್ಲಿರಲಿ, ಶೌಚಾಲಯಕ್ಕೂ ಬೇಕಾದೀತು.

ಈ ಸಂತಿ ಊರುಗಳು ಒಂದಕ್ಕೊಂದು ಇಷ್ಟು ಅಂತರದಲ್ಲಿ ಬೆಳೆದುದಕ್ಕೆ ಒಂದು ಹಳೆಯ ಲೆಕ್ಕವಿದೆ. 13ನೇ ಶತಮಾನದ ನ್ಯಾಯಾಧೀಶ ಹೆನ್ರಿ ಬ್ರ್ಯಾಕ್ಟನ್ ಹೆಸರಿನಲ್ಲಿ ನಿಂತ ನಿಯಮ ಅದು. ಒಂದು ಸಂತಿಯಿಂದ ಆರೂ ಮುಕ್ಕಾಲು ಮೈಲಿಗೆ ಸ್ವಲ್ಪ ಕಡಿಮೆ, ಅಂದರೆ ಸುಮಾರು 10.7 ಕಿ.ಮೀ. ಒಳಗೆ ಇನ್ನೊಂದು ಸಂತಿ ಹೂಡಿದರೆ ಹಳೆಯದಕ್ಕೆ ಧಕ್ಕೆ. ಮನುಷ್ಯ ದಿನಕ್ಕೆ 20 ಮೈಲಿ ನಡೆಯುತ್ತಾನೆ ಎಂದು ಹಿಡಿದು ಮೂರು ಪಾಲು ಮಾಡಿದರು. ಒಂದು ಪಾಲು ಹೋಗಲಿಕ್ಕೆ, ಒಂದು ವ್ಯಾಪಾರಕ್ಕೆ, ಒಂದು ಹೊತ್ತು ಮುಳುಗುವುದರೊಳಗೆ ಮನೆ ಸೇರಲಿಕ್ಕೆ. ಸಂತಿ ಮಧ್ಯಾಹ್ನಕ್ಕೇ ಮುಗಿಯುವುದನ್ನು ಕಂಡು ಬೇಸರವಾದರೆ ಈ ಲೆಕ್ಕ ನೆನಪಿಸಿಕೊಳ್ಳಿ.

ಸಂತಿ ಚೌಕದಿಂದ ಎರಡು ನಿಮಿಷ ನಡೆದರೆ ಸೇಂಟ್ ಲಾರೆನ್ಸ್ ಚರ್ಚು. ಗೋಪುರದ ಎತ್ತರ 41 ಮೀಟರ್. ಸುಮಾರು 200 ಮೆಟ್ಟಿಲು ಸುತ್ತಿ ಹತ್ತಬೇಕು, ದಾರಿ ಇಕ್ಕಟ್ಟು, ಮೊಣಕಾಲು ನೋವಿನವರು ಕೆಳಗೇ ಇರುವುದು ವಾಸಿ. ಕೆಳಗಿದ್ದವರಿಗೆ ನಷ್ಟವೇನಿಲ್ಲ. ಒಳಗೆ ಹಾಡುವವರ ಸಾಲಿನಲ್ಲಿ 15ನೇ ಶತಮಾನದ ಮರದ ಆಸನಗಳಿವೆ. ಆಸನ ಮೇಲೆತ್ತಿದರೆ ತಳದಲ್ಲಿ ಸಣ್ಣದೊಂದು ಚಾಚು ಕಾಣುತ್ತದೆ. ತಾಸುಗಟ್ಟಲೆ ನಿಂತು ಪ್ರಾರ್ಥನೆ ಮಾಡುವವರು ನಿಂತ ಹಾಗೆ ತೋರುತ್ತಲೇ ಮೈಭಾರ ಆನಿಸಲಿ ಎಂದು ಮಾಡಿದ ಉಪಾಯ. ಆ ಚಾಚಿನ ಕೆಳಗೆ ಬಡಿಗರು ತಮಗೆ ತೋಚಿದ್ದನ್ನು ಕೆತ್ತಿದ್ದಾರೆ. ಅದರಲ್ಲಿ ಒಂದನ್ನು ಹುಡುಕಿ ನೋಡಲೇಬೇಕು. ಅಳತೆಯಲ್ಲಿ ಮೋಸ ಮಾಡಿದ ಬಿಯರ್ ಮಾರುವವಳನ್ನು ದೆವ್ವ ತಲೆಕೆಳಗಾಗಿ ಹೆಗಲ ಮೇಲೆ ಹೊತ್ತು ನಡೆದಿದೆ. ಅಳತೆಯ ಹೂಜಿ ಇನ್ನೂ ಅವಳ ಕೈಯಲ್ಲೇ ಇದೆ. ಒಂದು ದೆವ್ವ ಚೀಲದ ವಾದ್ಯ ಊದುತ್ತಿದೆ, ಪಕ್ಕದಲ್ಲಿ ಇನ್ನೊಂದು ಪಾಪದ ಪಟ್ಟಿ ಓದುತ್ತಿದೆ, ಆಚೆ ಬದಿಗೆ ನರಕ ಬಾಯಿ ತೆರೆದು ಕೂತಿದೆ. ಗಂಜ್ ಮಾರುಕಟ್ಟೆಯಲ್ಲಿ ತೊಗರಿ ತೂಗುವ ಕೆಲವರಿಗೆ ಇದರ ಫೋಟೋ ಕಳಿಸಬಹುದು. ಆಸನ ಎತ್ತುವ ಮೊದಲು ಅಲ್ಲಿರುವ ಸ್ವಯಂಸೇವಕರನ್ನು ಕೇಳಿ, ಎತ್ತಿದ್ದನ್ನು ಕೈಬಿಟ್ಟು ಧಡ್ ಎಂದು ಬೀಳಿಸಬೇಡಿ.

ಕೋಟೆಗೆ ಒಂದು ತಾಸು ಸಾಕು. 11ನೇ ಶತಮಾನದ ಕೊನೆಗೆ, ಫ್ರಾನ್ಸ್ ಕಡೆಯಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರು ಶುರು ಮಾಡಿದ್ದು. ವೇಲ್ಸ್ ಗಡಿಯ ಆಡಳಿತ ಬಹುಕಾಲ ಇಲ್ಲಿಂದ ನಡೆಯಿತು, ಇಂಗ್ಲೆಂಡಿನ ಯುವರಾಜ ಆರ್ಥರ್ 1502ರಲ್ಲಿ ತೀರಿಕೊಂಡದ್ದೂ ಇಲ್ಲೇ. ಬೀದರ್ ಕೋಟೆ ನೋಡಿ ಬೆಳೆದವರಿಗೆ ಇದರ ಅಳತೆ ಸಣ್ಣದೆನಿಸುತ್ತದೆ. ಆದರೆ ಒಳ ಅಂಗಳದ ದುಂಡನೆಯ ಪ್ರಾರ್ಥನಾ ಮಂದಿರದ ಬಾಗಿಲ ಕಮಾನು ಬಿಡಬೇಡಿ.

ಇನ್ನು ನಡಿಗೆ. ಊರಿನ ಸೊಗಸು ಇರುವುದು ಹೊಳೆಯ ಆಚೆ ದಂಡೆಯಲ್ಲಿ. ಕೋಟೆಯ ಬದಿಯಿಂದ ಡಿನ್ಹಮ್ ರಸ್ತೆ ಹಿಡಿದು ಇಳಿದರೆ ಡಿನ್ಹಮ್ ಸೇತುವೆ. ಅದರ ಪಕ್ಕದಲ್ಲಿ ಗಿರಣಿಗೆ ನೀರು ತಿರುಗಿಸಲು ಕಟ್ಟಿದ ಹಳೆಯ ಒಡ್ಡು. ಸೇತುವೆ ದಾಟಿ ಎಡಕ್ಕೆ ತಿರುಗಿದರೆ ಹೊಳೆಗುಂಟ ಬ್ರೆಡ್‌ವಾಕ್ ಎಂಬ ಕಾಲುದಾರಿ. ಇದನ್ನು ಕಡಿದ ಕೂಲಿಗಳಿಗೆ ರೊಕ್ಕ ಕೊಟ್ಟರೆ ಕುಡಿದು ಹಾಳುಮಾಡುತ್ತಾರೆಂದು ಬ್ರೆಡ್ ಕೊಟ್ಟರು, ಅದಕ್ಕೇ ಆ ಹೆಸರು ಎನ್ನುತ್ತಾರೆ. ದಾರಿ ಲಡ್‌ಫರ್ಡ್ ಸೇತುವೆಗೆ ಮುಟ್ಟಿಸುತ್ತದೆ. ಅಲ್ಲಿ ಮತ್ತೆ ಹೊಳೆ ದಾಟಿ ಲೋವರ್ ಬ್ರಾಡ್ ಸ್ಟ್ರೀಟ್ ಏರಿದರೆ ಊರ ಅಗಸಿ ಎದುರಾಗುತ್ತದೆ. ಕೋಟೆಗೋಡೆಗಿದ್ದ ಏಳು ಬಾಗಿಲುಗಳಲ್ಲಿ ಉಳಿದದ್ದು ಈ ಬ್ರಾಡ್‌ಗೇಟ್ ಒಂದೇ, ಅದರ ಮೇಲೆ ಯಾರೋ ಮನೆ ಕಟ್ಟಿಕೊಂಡು ವಾಸವಾಗಿದ್ದಾರೆ. ಅಗಸಿ ದಾಟಿದ ಮೇಲೆ ಬೀದಿಯ ತುದಿಗೆ ಬಟರ್‌ಕ್ರಾಸ್, 1740ರ ದಶಕದ ಕಟ್ಟಡ, ಒಂದು ಕಾಲಕ್ಕೆ ಅದರ ಕಂಬಗಳ ನಡುವೆ ಬೆಣ್ಣೆ ಮಾರುತ್ತಿದ್ದರು. ಎಲ್ಲ ಸೇರಿ ಎರಡೂವರೆ ಕಿ.ಮೀ. ಆಸುಪಾಸು, ಕೂತು ಎದ್ದು ನಡೆದರೂ ಒಂದೂವರೆ ತಾಸು. ಯಾವ ಕಡೆಯಿಂದ ಸುತ್ತಿದರೂ ಕೊನೆಗೊಂದು ಏರು ಇದ್ದದ್ದೇ, ಊರು ಗುಡ್ಡದ ಮೇಲಿದೆಯಲ್ಲ. ಬ್ರಾಡ್ ಸ್ಟ್ರೀಟಿನ ಏರಾದರೆ ಹಳೆಯ ಮನೆಗಳನ್ನು ನೋಡುವ ನೆಪದಲ್ಲಿ ನಿಂತು ನಿಂತು ಹತ್ತಬಹುದು.

ಕಸುವಿದ್ದವರು ಬ್ರೆಡ್‌ವಾಕ್‌ನಿಂದ ಬಲಕ್ಕೆ ಮೇಲೇರಿ ವಿಟ್‌ಕ್ಲಿಫ್ ಬಯಲಿಗೆ ಹೋಗಿ. ಇಡೀ ಊರು, ಕೋಟೆ, ಗೋಪುರ ಒಂದೇ ನೋಟಕ್ಕೆ ಸಿಗುವುದು ಅಲ್ಲಿಂದಲೇ. ಕಾಲಕೆಳಗಿನ ಬಂಡೆ ಹಿಂದೊಮ್ಮೆ ಸಮುದ್ರದ ತಳ. 1830ರ ದಶಕದಲ್ಲಿ ಮರ್ಚಿಸನ್ ಎಂಬ ಭೂವಿಜ್ಞಾನಿ ಈ ಗಡಿನಾಡಿನ ಬಂಡೆಗಳನ್ನು ಓದಿಯೇ ಸೈಲೂರಿಯನ್ ಕಾಲಕ್ಕೆ ಹೆಸರಿಟ್ಟ. ಇವತ್ತಿಗೂ ಆ ಕಾಲದ ಒಂದು ಭಾಗಕ್ಕೆ ಜಗತ್ತಿನ ಭೂವಿಜ್ಞಾನಿಗಳೆಲ್ಲ ಲಡ್ಲೋ ಎಂದೇ ಕರೆಯುತ್ತಾರೆ, ಸುಮಾರು 42 ಕೋಟಿ ವರ್ಷ ಹಿಂದಿನದು. ನಮ್ಮ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಅದಕ್ಕಿಂತಲೂ ಹಳೆಯದು, ಆ ಮಾತು ಬೇರೆ. ಚಿಪ್ಪಿನ ಗುರುತು ಕಂಡರೆ ನೋಡಿ, ಕಲ್ಲು ಒಡೆಯಬೇಡಿ, ಸಂರಕ್ಷಿತ ಜಾಗ.

ಊರು ಬಿಟ್ಟು ಹೊಲಗಳ ನಡುವೆ ನಡೆಯುವುದಾದರೆ ಒಂದಿಷ್ಟು ತಿಳಿದಿರಬೇಕು. ಇಂಗ್ಲೆಂಡಿನಲ್ಲಿ ಖಾಸಗಿ ಹೊಲದೊಳಗೂ ಸಾರ್ವಜನಿಕ ಕಾಲುದಾರಿ ಇರುತ್ತದೆ, ಅದರ ಮೇಲೆ ನಡೆಯುವುದು ಕಾನೂನಿನ ಹಕ್ಕು, ಯಾರನ್ನೂ ಕೇಳಬೇಕಿಲ್ಲ. ಗೂಟಕ್ಕೆ ಹಳದಿ ಬಾಣವಿದ್ದರೆ ನಡೆಯುವವರಿಗೆ ಮಾತ್ರ, ನೀಲಿ ಇದ್ದರೆ ಕುದುರೆ, ಸೈಕಲ್ಲಿಗೂ ದಾರಿ. ಬೆಳೆಯ ನಟ್ಟನಡುವೆ ದಾರಿ ಹಾದಿದ್ದರೆ ಬೆಳೆಗೆ ಅಂಜಿ ಬದುವಿನ ಗುಂಟ ಸುತ್ತುಹಾಕುವುದು ನಮ್ಮ ರಕ್ತದಲ್ಲಿದೆ. ಅಲ್ಲಿ ಅದೇ ತಪ್ಪು. ನಿಮ್ಮ ಹಕ್ಕು ಆ ಗೆರೆಯ ಮೇಲೆ ಮಾತ್ರ, ಆ ಗೆರೆಯ ಮೇಲೆ ಬೆಳೆ ತೆಗೆದು ಕನಿಷ್ಠ ಒಂದು ಮೀಟರ್ ದಾರಿ ಬಿಡುವುದು ರೈತನ ಹೊಣೆ. ಒಬ್ಬರ ಹಿಂದೊಬ್ಬರು ನೇರ ನಡೆಯಿರಿ. ಗೇಟು ಮುಚ್ಚಿದ್ದರೆ ಮುಚ್ಚಿ, ತೆರೆದು ಕಟ್ಟಿದ್ದರೆ ಹಾಗೇ ಬಿಡಿ. ತೆರೆದಿಟ್ಟದ್ದು ದನ ನೀರಿಗೆ ಹೋಗಲಿ ಎಂದೇ ಇರಬಹುದು.

ದನದ ವಿಷಯ ಒತ್ತಿ ಹೇಳಬೇಕು. ನಮ್ಮವರಿಗೆ ಆಕಳೆಂದರೆ ಸಲಿಗೆ, ಹತ್ತಿರ ಹೋಗಿ ಗಂಗೆದೊಗಲು ಸವರಿ ನಮಸ್ಕಾರ ಮಾಡುತ್ತೇವೆ. ಅಲ್ಲಿಯ ಹೊಲದಲ್ಲಿ ಬಿಟ್ಟ ದನ ಹಗ್ಗ ಕಂಡದ್ದಲ್ಲ, ಪರಕೀಯರ ಕೈ ಕಂಡದ್ದೂ ಅಲ್ಲ. ಕರು ಜೊತೆಗಿದ್ದರೆ ಗುಂಪುಗೂಡಿ ಮೈಮೇಲೆ ಬರುತ್ತವೆ, ಪ್ರತಿ ವರ್ಷ ಜನರಿಗೆ ಗಾಯವಾಗುತ್ತದೆ. ತಾಯಿ ಮತ್ತು ಕರುವಿನ ನಡುವೆ ಹಾಯಬೇಡಿ, ಓಡಬೇಡಿ, ದೂರದಿಂದ ಬಳಸಿ ಹೋಗಿ. ಇಲ್ಲಿ ಮಾತ್ರ ದಾರಿ ಬಿಟ್ಟು ಸುತ್ತಿದರೆ ಯಾರೂ ಏನೂ ಅನ್ನುವುದಿಲ್ಲ. ಸಂಗಡ ನಾಯಿ ಇದ್ದು ದನ ಬೆನ್ನು ಹತ್ತಿದರೆ ನಾಯಿಯ ಹಗ್ಗ ಬಿಟ್ಟುಬಿಡಿ, ಅದು ತಪ್ಪಿಸಿಕೊಳ್ಳುತ್ತದೆ.

ಬೇಲಿ ದಾಟಲು ಅಡ್ಡಹಲಗೆಯ ಮೆಟ್ಟಿಲುಗಳಿರುತ್ತವೆ, ಸೀರೆ ಉಟ್ಟು ದಾಟುವುದು ಕಷ್ಟ. ಚೂಡಿದಾರ್ ಇಲ್ಲವೆ ಪ್ಯಾಂಟ್ ಅನುಕೂಲ. ದಾರಿಬದಿಗೆ ತುರಚಿ ಮೊಣಕಾಲೆತ್ತರ ಬೆಳೆದಿರುತ್ತದೆ, ಬೇಸಿಗೆಯಲ್ಲೂ ಕಾಲು ಮುಚ್ಚಿರಲಿ. ಚಪ್ಪಲಿ ಬೇಡವೇ ಬೇಡ. ಹಿಂದಿನ ದಿನ ಮಳೆ ಬಿದ್ದಿದ್ದರೆ ಗೇಟಿನ ಬಾಯಿಗಳಲ್ಲಿ ದನ ತುಳಿದ ಕೆಸರು ಪಾದ ಮುಳುಗುವಷ್ಟಿರುತ್ತದೆ.

ನಕಾಶೆ ಬೇಕೆಂದರೆ ಬ್ರಿಟನ್ನಿನ ಸರ್ಕಾರಿ ನಕಾಶೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯವರ ಕಿತ್ತಳೆ ಹೊದಿಕೆಯ ಎಕ್ಸ್‌ಪ್ಲೋರರ್ 203. ಅದರಲ್ಲಿ 4 ಸೆಂ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ., ಕಾಲುದಾರಿಗೆ ಹಸಿರು ಚುಕ್ಕಿಗೆರೆ. ಕಣಿವೆಗಳಲ್ಲಿ ಫೋನ್ ಸಿಗ್ನಲ್ ಹೋಗುತ್ತದೆ, ಫೋನನ್ನೇ ನೆಚ್ಚುವವರು ನಕಾಶೆ ಮೊದಲೇ ಇಳಿಸಿಟ್ಟುಕೊಳ್ಳಿ. ವೇಳೆ ಎಣಿಸಲು ಹಳೆಯ ಲೆಕ್ಕ ತಾಸಿಗೆ 5 ಕಿ.ಮೀ., ಜೊತೆಗೆ 600 ಮೀಟರ್ ಏರಿಗೆ ಇನ್ನೊಂದು ತಾಸು. ಅದು ಗಟ್ಟಿಗರ ಲೆಕ್ಕ. ಕೆಸರು, ಗೇಟು, ಫೋಟೋ, ಚಹಾ ಎಲ್ಲ ಸೇರಿ ಮನೆಮಂದಿಗೆ ತಾಸಿಗೆ 3 ಕಿ.ಮೀ. ಹಿಡಿಯಿರಿ. ಜೂನ್‌ನಲ್ಲಿ ರಾತ್ರಿ 9.30ರವರೆಗೂ ಹೊತ್ತು ಮುಳುಗುವುದಿಲ್ಲ, ಡಿಸೆಂಬರ್‌ನಲ್ಲಿ ಸಂಜೆ 4ಕ್ಕೇ ಕತ್ತಲು. ಚಳಿಗಾಲದಲ್ಲಿ ಊಟ ಮುಗಿಸಿ ನಡೆಯೋಣ ಅಂದರೆ ನಡಿಗೆ ಕೈಬಿಟ್ಟಂತೆಯೇ.

ಊಟದ ತಾಸು ಇನ್ನೂ ಬಿಗಿ. ಪಬ್ಬುಗಳ ಅಡುಗೆಮನೆ ಸಾಮಾನ್ಯವಾಗಿ 12ಕ್ಕೆ ತೆರೆದು 2, 2.30ಕ್ಕೆ ಮುಚ್ಚಿದರೆ ಮತ್ತೆ ಸಂಜೆ 6ಕ್ಕೇ. ಕೂತಲ್ಲಿಗೆ ಯಾರೂ ಬರುವುದಿಲ್ಲ. ಮೇಜಿನ ನಂಬರ್ ನೋಡಿಕೊಂಡು ಕೌಂಟರಿನ ಹತ್ತಿರ ಹೋಗಿ ಹೇಳಿ, ರೊಕ್ಕ ಕೊಟ್ಟು ಬರಬೇಕು. ನಲ್ಲಿ ನೀರು ಕೇಳಿದರೆ ಪುಕ್ಕಟೆ ಕೊಡಬೇಕೆಂದು ಕಾನೂನಿದೆ, ಬಾಟಲಿಗೆ ರೊಕ್ಕ ಸುರಿಯಬೇಡಿ. ಸಸ್ಯಾಹಾರಿಗಳು ಎರಡು ಪ್ರಶ್ನೆ ಬಾಯಿಪಾಠ ಮಾಡಿಕೊಂಡಿರಿ. ಚಿಪ್ಸ್ ಅಂಗಡಿಯಲ್ಲಿ ‘ಎಣ್ಣೆಯೋ, ದನದ ಕೊಬ್ಬೋ?’ ಎಂದು ಕೇಳಿ, ಕೆಲವು ಕಡೆ ಕೊಬ್ಬಿನಲ್ಲೇ ಕರಿಯುತ್ತಾರೆ. ಚೀಸ್ ಅಂಗಡಿಯಲ್ಲಿ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಹಾಕಿದ್ದಾರೋ, ಸಸ್ಯಾಹಾರಿ ರೆನೆಟ್ಟೋ ಎಂದು ಕೇಳಿ. ಕೇಸರಿ ಬಣ್ಣದ, ನೀಲಿ ಗೆರೆಯ ಶ್ರಾಪ್‌ಶೈರ್ ಬ್ಲೂ ಚೀಸ್ ಈ ಜಿಲ್ಲೆಯದೆಂದು ಕೊಳ್ಳುವವರಿದ್ದಾರೆ. ಮೊದಲು ಮಾಡಿದ್ದು 1970ರ ದಶಕದಲ್ಲಿ, ಸ್ಕಾಟ್ಲೆಂಡಿನಲ್ಲಿ!

ಬುತ್ತಿ ಕಟ್ಟಿಕೊಂಡು ಹೋಗುವುದೇ ಎಲ್ಲಕ್ಕಿಂತ ಮೇಲು. ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಲಬುರಗಿಯಿಂದ ಅಲ್ಲಿಯವರೆಗೂ ಕೆಡದೆ ಬರುತ್ತವೆ. ಚೀಲದಲ್ಲಿ ಹಾಗೇ ಇಟ್ಟರೆ ರೊಟ್ಟಿ ನುಚ್ಚಾಗುತ್ತದೆ, ಅಗಲವಾದ ಡಬ್ಬಿಯಲ್ಲಿ ಮೇಲೆ ಕೆಳಗೆ ಬಟ್ಟೆ ಹಾಕಿ ಅಲ್ಲಾಡದಂತೆ ತುಂಬಿ. ತುಪ್ಪ, ಪೇಢೆ, ಖೋವಾದ ಸಿಹಿ ಒಯ್ಯಬೇಡಿ. ಭಾರತದಿಂದ ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ಬ್ರಿಟನ್ನಿನಲ್ಲಿ ನಿಷೇಧವಿದೆ, ವಿಮಾನ ನಿಲ್ದಾಣದಲ್ಲಿ ಕಸಿದುಕೊಳ್ಳುತ್ತಾರೆ.

ಇನ್ನೊಂದು ದಿನ ಸಿಕ್ಕರೆ ಸ್ಟೋಕ್‌ಸೇ. ಲಡ್ಲೋದಿಂದ ರೈಲಿನಲ್ಲಿ ಹತ್ತು ನಿಮಿಷದೊಳಗೆ ಕ್ರೇವನ್ ಆರ್ಮ್ಸ್, ಅಲ್ಲಿಂದ ಸುಮಾರು ಒಂದೂವರೆ ಕಿ.ಮೀ. ನಡಿಗೆ. ಹೆಸರಿಗೆ ಕೋಟೆ, ನೋಡಿದರೆ ಶ್ರೀಮಂತ ವ್ಯಾಪಾರಿಯ ವಾಡೆ. ಲಾರೆನ್ಸ್ ಎಂಬ ಲಡ್ಲೋದ ಉಣ್ಣೆ ವ್ಯಾಪಾರಿ 1280ರ ದಶಕದಲ್ಲಿ ಕಟ್ಟಲು ಶುರು ಮಾಡಿದ. ಕೋಟೆಯಂತೆ ತೆನೆಗೋಡೆ ಎತ್ತಲು 1291ರಲ್ಲಿ ರಾಜನಿಂದ ಪರವಾನಗಿ ಪಡೆದ. 1294ರಲ್ಲಿ ಉಣ್ಣೆ ಹೇರಿದ ಹಡಗು ಮುಳುಗಿ ಸತ್ತ. ದೊಡ್ಡ ಹಜಾರದ ಮರದ ಛಾವಣಿ ಇವತ್ತಿಗೂ ನಿಂತಿದೆ. ಚಳಿಗಾಲದಲ್ಲಿ ತೆರೆಯುವ ದಿನ ಕಡಿಮೆ, ಹೊರಡುವ ಮುಂಚೆ ನೋಡಿಕೊಳ್ಳಿ.

ಲಡ್ಲೋ ಇರುವುದು ಶ್ರೂಸ್‌ಬರಿ ಮತ್ತು ಹೆರಿಫರ್ಡ್ ನಡುವಿನ ರೈಲು ಮಾರ್ಗದಲ್ಲಿ. ಮ್ಯಾಂಚೆಸ್ಟರ್‌ನಿಂದ ನೇರ ಗಾಡಿ ಇದೆ. ಬರ್ಮಿಂಗ್‌ಹ್ಯಾಮ್‌ನಿಂದ ಶ್ರೂಸ್‌ಬರಿ ಇಲ್ಲವೆ ಹೆರಿಫರ್ಡ್‌ನಲ್ಲಿ ಬದಲಿಸಿ ಸುಮಾರು ಎರಡು ತಾಸು, ಲಂಡನ್‌ನಿಂದ ಮೂರು ದಾಟುತ್ತದೆ. ಗಂಡ-ಹೆಂಡತಿ ಜೋಡಿಯಾಗಿ ತಿರುಗುವವರು ಟೂ ಟುಗೆದರ್ ರೈಲ್‌ಕಾರ್ಡ್ ಮಾಡಿಸಿದರೆ ಟಿಕೆಟಿನಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ, ಆದರೆ ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 9.30ರ ಮೊದಲು ಅದು ನಡೆಯುವುದಿಲ್ಲ. ಸಂತಿ ಹಿಡಿಯಬೇಕೆಂದರೆ ಶನಿವಾರ ಹೋಗುವುದೇ ಲೆಕ್ಕಕ್ಕೆ ಸರಿ. 60 ದಾಟಿದವರಿಗೆ ಸೀನಿಯರ್ ರೈಲ್‌ಕಾರ್ಡ್ ಬೇರೆ ಇದೆ, ವಯಸ್ಸಿಗೆ ಪಾಸ್‌ಪೋರ್ಟ್ ತೋರಿಸಿದರೆ ಸಾಕು. ಹಳ್ಳಿ ಬಸ್ಸು ನೆಚ್ಚಿ ಭಾನುವಾರ ಹೊರಡಬೇಡಿ, ಬಹಳಷ್ಟು ಮಾರ್ಗಗಳಲ್ಲಿ ಅವತ್ತು ಗಾಡಿಯೇ ಇರುವುದಿಲ್ಲ. ಸ್ಟೇಶನ್ನಿಗೆ ಊರಿನಿಂದ ಹತ್ತು ನಿಮಿಷದ ಇಳಿಜಾರು. ಒಂದು ಗಾಡಿ ತಪ್ಪಿದರೆ ಮುಂದಿನದಕ್ಕೆ ತಾಸುಗಟ್ಟಲೆ ಕಾಯಬೇಕಾದೀತು, ಹಾಗಾಗಿ ಸ್ವೆಟರ್ ಒಂದು ಚೀಲದ ಮೇಲ್ಗಡೆಯೇ ಇರಲಿ.